ಗುರುವಿಗೆ ಒಪ್ಪಿಸಿದ ಲೆಕ್ಕ

ಗ್ರಂಥದ ಆದಿಯಲ್ಲಿ ಬರುವ ಅರ್ಪಣೆಯ ಪುಟದ ಮುಂದೆ ನಿಲ್ಲುವ ಓದುಗರು ವಿರಳ. ತಾಯಿತಂದೆಗಳಿಗೋ, ಮನೆದೇವರಿಗೋ, ಅಚ್ಚಿನ ವೆಚ್ಚವನ್ನು ವಹಿಸಿಕೊಂಡ ಉದಾರಿಗಳಿಗೋ ಸಲ್ಲಿಸಿದ ಎರಡು ಸಾಲಿನ ಒಕ್ಕಣೆಯೆಂದು ಭಾವಿಸಿ ಪುಟ ಮಗುಚುವುದೇ ವಾಡಿಕೆ. ವಿಮರ್ಶಕರೂ ಅದನ್ನು ಕೃತಿಯ ಹೊರಗಿನ ಮಾತೆಂದೇ ಎಣಿಸುತ್ತಾರೆ. ಕುವೆಂಪು ಅವರ ‘ಶ್ರೀ ರಾಮಾಯಣ ದರ್ಶನಂ’ ಮಹಾಕಾವ್ಯದ ವಿಷಯದಲ್ಲಿ ಈ ವಾಡಿಕೆಯನ್ನು ಅನುಸರಿಸಿದರೆ ನಷ್ಟವುಂಟು. ಅಲ್ಲಿನ ಅರ್ಪಣೆ ಒಕ್ಕಣೆಯಲ್ಲ. ತನ್ನಷ್ಟಕ್ಕೆ ತಾನೇ ಒಂದು ಕವಿತೆ. ಅದನ್ನು ಪಡೆದವರು ಅರಸರಲ್ಲ, ದಾನಿಗಳಲ್ಲ, ಮಠಾಧಿಪತಿಗಳೂ ಅಲ್ಲ. ಕಾಲೇಜಿನಲ್ಲಿ ಕವಿಗೆ ಪಾಠ ಹೇಳಿದ ಅಧ್ಯಾಪಕರು, ಟಿ. ಎಸ್. ವೆಂಕಣ್ಣಯ್ಯನವರು.

ಈ ಆಯ್ಕೆಯ ಹೊಸತನವನ್ನು ಗ್ರಹಿಸಬೇಕಾದರೆ ಹಿಂದಣ ಪದ್ಧತಿಯನ್ನು ನೆನೆಯಬೇಕು. ಪಂಪನು ತನ್ನ ಭಾರತದಲ್ಲಿ ಆಶ್ರಯದಾತನಾದ ಅರಿಕೇಸರಿಯನ್ನು ಅರ್ಜುನನೊಡನೆ ಅಭೇದವಾಗಿ ನಿಲ್ಲಿಸಿದನು. ಹರಿಹರನು ಆ ದಾರಿಯನ್ನು ಬಿಟ್ಟು ಹಂಪೆಯ ವಿರೂಪಾಕ್ಷನೊಬ್ಬನಿಗೇ ತಲೆಬಾಗಿದನು. ಅರಸನ ಆಸ್ಥಾನ, ದೇವರ ಸನ್ನಿಧಿ ಇವೆರಡೂ ಕನ್ನಡ ಕಾವ್ಯಕ್ಕೆ ಚಿರಪರಿಚಿತವಾದ ತಾಣಗಳು. ಇಪ್ಪತ್ತನೆಯ ಶತಮಾನದ ಮಹಾಕಾವ್ಯವೊಂದು ಮೂರನೆಯ ತಾಣವೊಂದನ್ನು ಕಂಡುಕೊಂಡಿತು. ಅದು ತರಗತಿಯ ಕೊಠಡಿ. 1916ರಲ್ಲಿ ಸ್ಥಾಪಿತವಾದ ಮೈಸೂರು ವಿಶ್ವವಿದ್ಯಾನಿಲಯ ಕನ್ನಡಕ್ಕೆ ಏನು ಕೊಟ್ಟಿತೆಂದು ಕೇಳುವವರಿಗೆ ಆ ಪುಟದಲ್ಲಿಯೇ ಒಂದು ಉತ್ತರವಿದೆ.

ಉನ್ನತ ಶಿಕ್ಷಣದಲ್ಲಿ ಅಧ್ಯಾಪಕನು ಶಿಷ್ಯನಿಗೆ ಪಠ್ಯವನ್ನು ಮೀರಿ ಕೊಡುವುದೇನು, ಶಿಷ್ಯನು ಅಧ್ಯಾಪಕನಿಗೆ ಹಿಂದಿರುಗಿಸಬೇಕಾದುದೇನು ಎಂಬ ಪ್ರಶ್ನೆ ಇಂದು ಆಡಳಿತದ ಪ್ರಶ್ನೆಯಾಗಿದೆ. ಅದಕ್ಕೆ ನಿಯಮಗಳಿವೆ, ನಮೂನೆಗಳಿವೆ, ಸಮಿತಿಗಳಿವೆ. ಸಾಹಿತ್ಯದಲ್ಲಿ ಅದಕ್ಕೆ ದೊರೆತಿರುವ ಉತ್ತರವನ್ನು ಪರಿಶೀಲಿಸುವುದು ಅಪ್ರಸ್ತುತವಾಗಲಾರದು.

ಕುವೆಂಪು ಅವರ ವಿದ್ಯಾರ್ಥಿ ಜೀವನದ ಮಾತು ಬಂದೊಡನೆ ಎಲ್ಲರೂ ಹೇಳುವ ಕಥೆ ಐರಿಷ್ ಕವಿ ಜೇಮ್ಸ್ ಕಸಿನ್ಸರದು. 1922ರಲ್ಲಿಯೇ ‘ಬಿಗಿನರ್ಸ್ ಮ್ಯೂಸ್’ ಎಂಬ ಇಂಗ್ಲಿಷ್ ಕವನಗಳ ಪುಟ್ಟ ಪುಸ್ತಕವನ್ನು ಅಚ್ಚು ಹಾಕಿಸಿದ್ದ ತರುಣ, 1924ರಲ್ಲಿ ಮೈಸೂರಿಗೆ ಬಂದಿದ್ದ ಕಸಿನ್ಸರಲ್ಲಿಗೆ ತನ್ನ ಇಂಗ್ಲಿಷ್ ಪದ್ಯಗಳನ್ನು ಒಯ್ದುದು, ಅವರು ಅವನ್ನು ನೋಡಿ ಸ್ವಂತ ಭಾಷೆಯಲ್ಲಿ ಏನಾದರೂ ಬರೆದಿರುವಿರಾ ಎಂದು ಕೇಳಿದುದು, ತರುಣನ ದಾರಿ ಕನ್ನಡದತ್ತ ತಿರುಗಿದುದು, ಇವೆಲ್ಲ ಶಾಲೆಯ ಮಕ್ಕಳಿಗೂ ತಿಳಿದ ಸಂಗತಿಗಳು. ಆತ್ಮಕಥೆಯಾದ ‘ನೆನಪಿನ ದೋಣಿಯಲ್ಲಿ’ (1980) ಇದಕ್ಕೆ ಆಧಾರ.

ಪ್ರಚಲಿತ ಕಥನ ಒಂದು ಅಂಶವನ್ನು ಮರೆತುಬಿಡುತ್ತದೆ. ತರುಣನು ಆ ಸಲಹೆಯನ್ನು ಕೈಮುಗಿದು ಸ್ವೀಕರಿಸಲಿಲ್ಲ, ವಾದಿಸಿದನು. ಹೊಸ ಭಾವಗಳಿಗೆ ತಕ್ಕ ಛಂದೋವೈವಿಧ್ಯ ಕನ್ನಡದಲ್ಲಿಲ್ಲವೆಂಬುದು ಅವನ ಆಕ್ಷೇಪ. ಆ ಆಕ್ಷೇಪ ಹುಡುಗಾಟಿಕೆಯದಲ್ಲ; ಬಿ. ಎಂ. ಶ್ರೀಕಂಠಯ್ಯನವರ ‘ಇಂಗ್ಲಿಷ್ ಗೀತಗಳು’ ಸಂಕಲನವಾಗಿ ಹೊರಬಂದುದು 1926ರಲ್ಲಿ ಎಂಬುದನ್ನು ನೆನೆದರೆ, 1924ರ ಓದುಗನಿಗೆ ಕನ್ನಡದ ಹೊಸ ಲಯಗಳು ಎಷ್ಟು ಅಪರಿಚಿತವಾಗಿದ್ದುವೆಂಬುದು ತಿಳಿಯುತ್ತದೆ. ಕಸಿನ್ಸರು ಆ ಆಕ್ಷೇಪವನ್ನು ಮನ್ನಿಸಿ ಮರುಮಾತು ಹೇಳಿದರು. ಯಾವ ಭಾಷೆಯೂ ಸ್ವಭಾವತಃ ಅಶಕ್ತವಲ್ಲ, ಶಕ್ತಿಯನ್ನು ತರುವವನು ಬರಬೇಕು ಎಂಬುದು ಅದರ ಇಂಗಿತ. ಹಿರಿಯರ ಅಭಿಪ್ರಾಯಕ್ಕೆ ಕಿರಿಯನು ಎದುರಾಡಿದನು. ಹಿರಿಯರು ಅದರಿಂದ ಕುಪಿತರಾಗಲಿಲ್ಲ. ಸಲಹೆ ಫಲಿಸಿದುದು ಈ ಎದುರಾಟದ ನೆಲದಲ್ಲಿ. ಕಥೆಯನ್ನು ಪವಾಡದಂತೆ ಹೇಳುವವರು ಈ ನೆಲವನ್ನೇ ಗುಡಿಸಿಹಾಕುತ್ತಾರೆ.

ಇನ್ನೊಂದು ವಿನೋದವೂ ಇಲ್ಲಿದೆ. ಸ್ವಂತ ಭಾಷೆಯಲ್ಲಿ ಬರೆಯೆಂದು ಹೇಳಿದ ಕಸಿನ್ಸರು ತಾವು ಬರೆದುದು ಇಂಗ್ಲಿಷಿನಲ್ಲಿ. ಅವರ ನಾಡಿನ ಐರಿಷ್ ಭಾಷೆಯನ್ನು ಇಂಗ್ಲಿಷು ಬಹುಮಟ್ಟಿಗೆ ಹಿಂದೆ ತಳ್ಳಿದ್ದಿತು. ಕಳೆದುಕೊಂಡವರ ಕಣ್ಣಿಗೆ, ಕಳೆದುಕೊಳ್ಳಲು ಹೊರಟವನು ಬೇಗ ಕಾಣಿಸಿಕೊಂಡಿರಬಹುದು. ಇದು ಊಹೆಯ ಮಾತು. ಆದರೆ ಸಲಹೆಗಾರನ ಯೋಗ್ಯತೆ ಅವನ ಸಾಧನೆಯಿಂದ ಮಾತ್ರ ಬರುವುದಿಲ್ಲ ಎಂಬಷ್ಟನ್ನು ಒಪ್ಪಲು ಅಡ್ಡಿಯಿಲ್ಲ.

ಹೀಗಿದ್ದರೂ ಮಹಾಕಾವ್ಯ ಅರ್ಪಿತವಾದುದು ಕಸಿನ್ಸರಿಗಲ್ಲ. ಒಂದು ಭೇಟಿಯಲ್ಲಿ ದಾರಿ ತೋರಿಸಿದವರಿಗೆ ಕವಿ ಜೀವನಪರ್ಯಂತ ಕೃತಜ್ಞರಾಗಿದ್ದರು, ಅದನ್ನು ಬರೆದೂ ಇದ್ದಾರೆ. ಆದರೆ ದಾರಿ ತೋರಿಸುವುದು ಬೇರೆ, ದಾರಿಯುದ್ದಕ್ಕೂ ಜೊತೆಗಿರುವುದು ಬೇರೆ. ಮೊದಲನೆಯದಕ್ಕೆ ಒಂದು ಗಳಿಗೆಯ ವಿವೇಕ ಸಾಕು. ಎರಡನೆಯದಕ್ಕೆ ವರ್ಷಗಳು ಬೇಕು, ತಾಳ್ಮೆ ಬೇಕು, ಶಿಷ್ಯನು ತನಗಿಂತ ಎತ್ತರಕ್ಕೆ ಬೆಳೆಯುತ್ತಿರುವುದನ್ನು ನೋಡುತ್ತ ಕುಳಿತಿರುವ ಸಮಾಧಾನ ಬೇಕು. ‘ಉಪದೇಶ’ ಮತ್ತು ‘ಒಡನಾಟ’ ಎಂಬ ಎರಡು ಪದಗಳನ್ನು ಈ ಭೇದಕ್ಕೆ ಬಳಸಬಹುದು.

ಒಡನಾಟದ ಗುರುವಾಗಿ ವೆಂಕಣ್ಣಯ್ಯನವರು ನಿಲ್ಲುತ್ತಾರೆ. ಚಿತ್ರದುರ್ಗ ಸೀಮೆಯ ತಳುಕಿನವರಾದ ಅವರು 1885ರಲ್ಲಿ ಹುಟ್ಟಿ 1939ರಲ್ಲಿ ತೀರಿಕೊಂಡರು. ಮಹಾರಾಜಾ ಕಾಲೇಜಿನ ಕನ್ನಡ ಪ್ರಾಧ್ಯಾಪಕರಾಗಿ ಅವರು ಗಳಿಸಿದ ಖ್ಯಾತಿಗೂ ಅವರು ಬರೆದ ಪುಟಗಳ ಸಂಖ್ಯೆಗೂ ತಾಳೆಯಿಲ್ಲ. ಎ. ಆರ್. ಕೃಷ್ಣಶಾಸ್ತ್ರಿಗಳೊಡನೆ ಶ್ರೀರಾಮಕೃಷ್ಣ ಪರಮಹಂಸರ ಚರಿತ್ರೆಯನ್ನು ಕನ್ನಡಕ್ಕೆ ಕೊಟ್ಟರು. ಅವರೊಡನೆಯೇ ರಾಘವಾಂಕನ ಹರಿಶ್ಚಂದ್ರ ಕಾವ್ಯದ ಸಂಗ್ರಹವನ್ನು ಸಿದ್ಧಪಡಿಸಿದರು. ಹರಿಹರನ ‘ಬಸವರಾಜದೇವರ ರಗಳೆ’ಯನ್ನು ಸಂಪಾದಿಸಿದರು. ಜನ್ಮತಃ ಬೇರೆ ಸಂಪ್ರದಾಯದವರಾದ ಅವರು ವೀರಶೈವ ಸಾಹಿತ್ಯಕ್ಕೆ ಸಲ್ಲಿಸಿದ ಈ ಸೇವೆಯನ್ನು ಈ ಸಾಹಿತ್ಯದ ವಿದ್ಯಾರ್ಥಿಗಳು ಮರೆಯುವಂತಿಲ್ಲ. ಇಷ್ಟೆಲ್ಲ ಸೇರಿಸಿದರೂ ಅವರ ಬರವಣಿಗೆ ಅಲ್ಪವೇ. ಅವರ ಶ್ರಮದ ಬಹುಭಾಗ ಅಚ್ಚಿನ ಪುಟಗಳಲ್ಲಿ ಸಿಕ್ಕುವುದಿಲ್ಲ. ಅದು ಶಿಷ್ಯರ ಪುಟಗಳಲ್ಲಿ ಕರಗಿಹೋಗಿದೆ. ಇಂದಿನ ಅಧ್ಯಾಪಕರ ಬಡ್ತಿಯನ್ನು ತೂಗುವ ಅಂಕಪಟ್ಟಿಯಲ್ಲಿ ಅವರಿಗೆ ಎಷ್ಟು ಅಂಕ ದೊರೆಯುತ್ತಿತ್ತೆಂಬುದು ಯೋಚಿಸತಕ್ಕ ವಿಷಯ.

ಅವರ ಒಡನಾಟ ಸಾಧ್ಯವಾದುದು ಒಂದು ಸಂಸ್ಥೆಯ ನಡುವೆ ಎಂಬುದನ್ನೂ ಮರೆಯಬಾರದು. ಬಿ. ಎಂ. ಶ್ರೀಯವರು ಇಂಗ್ಲಿಷ್ ಪ್ರಾಧ್ಯಾಪಕರಾಗಿದ್ದೂ 1911ರಲ್ಲಿಯೇ ಧಾರವಾಡದಲ್ಲಿ ಕನ್ನಡ ಮಾತು ತಲೆಯೆತ್ತುವ ಬಗೆಯನ್ನು ಕುರಿತು ಉಪನ್ಯಾಸ ಮಾಡಿದ್ದರು. ವಿಶ್ವವಿದ್ಯಾನಿಲಯದ ರಿಜಿಸ್ಟ್ರಾರ್ ಹುದ್ದೆಯಲ್ಲಿ ಅವರಿದ್ದ ಕಾಲದಲ್ಲಿ, 1927ರಲ್ಲಿ, ಕನ್ನಡ ಎಂ.ಎ. ತರಗತಿ ಆರಂಭವಾಯಿತು. ತತ್ತ್ವಶಾಸ್ತ್ರವನ್ನು ಓದಿ ಆ ವರ್ಷವೇ ಬಿ.ಎ. ಮುಗಿಸಿದ್ದ ಕೆ. ವಿ. ಪುಟ್ಟಪ್ಪನವರು, ಡಿ. ಎಲ್. ನರಸಿಂಹಾಚಾರ್ಯರು ಮೊದಲಾದವರು ಅದರ ಮೊದಲ ತಂಡದಲ್ಲಿ ಓದಿ 1929ರಲ್ಲಿ ಹೊರಬಂದರು. ತರಗತಿಯೇ ಇಲ್ಲದಿದ್ದರೆ ತರಗತಿಯಾಚೆಯ ಗುರುತ್ವವೂ ಇರುತ್ತಿರಲಿಲ್ಲ. ಒಬ್ಬರು ಬಾಗಿಲು ತೆರೆಸಿದರು, ಮತ್ತೊಬ್ಬರು ಒಳಗೆ ಬಂದವರನ್ನು ಕೂರಿಸಿಕೊಂಡು ಕೇಳಿದರು.

ಈಗ ಅರ್ಪಣೆಯ ಕವಿತೆಗೆ ಬರಬಹುದು. ಕಾವ್ಯಾರಂಭ 1936ರಲ್ಲಿ, ಮುಕ್ತಾಯ 1946ರಲ್ಲಿ, ಮೊದಲ ಪ್ರಕಟಣೆ 1949ರಲ್ಲಿ. ಗುರುವಿನ ಮರಣ 1939ರಲ್ಲಿ. ಎಂದರೆ ಕಾವ್ಯವು ತನ್ನ ದಾರಿಯ ಮೂರನೆಯ ಒಂದು ಭಾಗವನ್ನೂ ಕ್ರಮಿಸದಿದ್ದಾಗಲೇ ಅದರ ಕೇಳುಗರಲ್ಲಿ ಮುಖ್ಯರಾದವರು ಇಲ್ಲವಾದರು. ಈ ಕಾಲಗಣನೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಓದಿದರೆ ಕವಿತೆಯ ಮೊದಲ ಮಾತಿನ ಭಾರ ತಿಳಿಯುತ್ತದೆ. ಕೃತಿ ಮುಗಿಯಿತು, ತಂದಿರುವೆನು, ಸ್ವೀಕರಿಸಿರಿ ಎಂಬ ಭಾವದಿಂದ ಶಿಷ್ಯನು ತೊಡಗುತ್ತಾನೆ. ಸತ್ತವರ ಗುಣಗಾನ ಅಲ್ಲಿ ಮುಖ್ಯವಲ್ಲ. ಚರಮಗೀತೆಯ ಅಳಲೂ ಮುಖ್ಯವಲ್ಲ. ಗುರು ಎದುರಿಗೆ ಕುಳಿತಿರುವಂತೆ, ಹಿಂದೆ ಯಾವಾಗಲೋ ವಹಿಸಿಕೊಟ್ಟ ಕೆಲಸವನ್ನು ಮಾಡಿ ಮುಗಿಸಿ ತಂದವನಂತೆ ಕವಿ ಮಾತಾಡುತ್ತಾರೆ.

ಮುಂದಿನ ಭಾಗ ಇನ್ನೂ ಗಮನಾರ್ಹ. ತನ್ನ ಕಾವ್ಯ ಎಂತಹುದೆಂಬುದನ್ನು ಶಿಷ್ಯನು ಗುರುವಿಗೆ ನಿವೇದಿಸುತ್ತಾನೆ. ಹೊರಗೆ ನಡೆದ ಘಟನೆಗಳನ್ನು ಹಾಗೆಯೇ ಚಿತ್ರಿಸುವ ಲೋಕದ ಇತಿಹಾಸವಲ್ಲ ಅದು. ಲೋಕವನ್ನು ಮೀರಿದ ನಿತ್ಯಸತ್ಯಗಳಿಗೆ ಪ್ರತಿಮೆಯಾಗಿ ನಿಂತ ಕಥನ ಎಂಬುದು ಆ ನಿವೇದನೆಯ ತಾತ್ಪರ್ಯ. ವಿಮರ್ಶಕರು ಈ ಮಾತನ್ನು ಮಹಾಕಾವ್ಯದ ಸಿದ್ಧಾಂತವೆಂದು ಎತ್ತಿಕೊಂಡು ಬಹಳ ಚರ್ಚಿಸಿದ್ದಾರೆ. ಆದರೆ ಅದು ಯಾರಿಗೆ ಹೇಳಿದ ಮಾತು ಎಂಬುದನ್ನು ಚರ್ಚೆಯಲ್ಲಿ ಬಿಟ್ಟುಬಿಡುವುದುಂಟು. ಸಿದ್ಧಾಂತವನ್ನು ಲೋಕಕ್ಕೆ ಸಾರಬೇಕಾಗಿದ್ದರೆ ಮುನ್ನುಡಿಯಿತ್ತು, ಉಪನ್ಯಾಸವಿತ್ತು. ಕವಿ ಅದನ್ನು ಹೇಳಲು ಆರಿಸಿಕೊಂಡುದು ಗುರುವಿನೊಡನೆ ಆಡುವ ಮಾತಿನ ರೂಪವನ್ನು. ಇದು ಲೆಕ್ಕ ಒಪ್ಪಿಸುವ ರೀತಿ. ನೀವು ಕೊಟ್ಟುದರಿಂದ ನಾನು ಮಾಡಿದುದು ಇದು, ಮಾಡಹೊರಟುದು ಇದು, ಇನ್ನು ನೀವು ನೋಡಬೇಕು ಎಂಬ ಧಾಟಿ. ಗುರುವಿಗೆ ಶಿಷ್ಯನು ಸಲ್ಲಿಸಬೇಕಾದ ಗೌರವ ಹೊಗಳಿಕೆಯಲ್ಲಿಲ್ಲ, ಕೆಲಸದ ವಿವರದಲ್ಲಿದೆ ಎಂಬುದನ್ನು ಈ ಕವಿತೆಯಷ್ಟು ಸ್ಪಷ್ಟವಾಗಿ ತೋರಿಸುವ ಬರಹ ಹೊಸಗನ್ನಡದಲ್ಲಿ ವಿರಳ.

ಅರ್ಪಣೆಯ ಛಂದಸ್ಸೂ ಕಾವ್ಯದ ಛಂದಸ್ಸೇ. ಸರಳ ರಗಳೆಯ ಮೂಲದಿಂದ ಹೊರಟು ಹಿಗ್ಗಿದ ಮಹಾಛಂದಸ್ಸಿನಲ್ಲಿ, ಹಳಗನ್ನಡದ ಪ್ರತ್ಯಯಗಳನ್ನು ಬೆರೆಸಿದ ಅದೇ ಭಾಷೆಯಲ್ಲಿ ಅದು ನಡೆಯುತ್ತದೆ. ಕನ್ನಡದಲ್ಲಿ ತಕ್ಕ ಛಂದಸ್ಸಿಲ್ಲವೆಂದು 1924ರಲ್ಲಿ ವಾದಿಸಿದ ತರುಣನೇ, ಕನ್ನಡದೊಳಗಿನಿಂದ ಬೆಳೆಸಿದ ಛಂದಸ್ಸಿನಲ್ಲಿ ಇಲ್ಲಿ ಗುರುವನ್ನು ಸಂಬೋಧಿಸುತ್ತಿದ್ದಾನೆ. ಲೆಕ್ಕದ ಪುಸ್ತಕದೊಡನೆ ಹಣದ ಚೀಲವನ್ನೂ ಮುಂದಿಟ್ಟಂತಾಯಿತು. ಗುರುಗಳು ಸಂಪಾದಿಸಿದ ಕೃತಿ ಹರಿಹರನ ರಗಳೆ, ಶಿಷ್ಯರು ಬರೆದುದು ರಗಳೆಯ ಮೂಲದ ಕಾವ್ಯ ಎಂದು ಇಲ್ಲಿ ಸಂಬಂಧ ಕಲ್ಪಿಸುವ ಆಸೆಯಾಗಬಹುದು. ಅದನ್ನು ಹೆಚ್ಚು ಎಳೆಯಬಾರದು. ಮಿಲ್ಟನ್ ಮೊದಲಾದ ಪಾಶ್ಚಾತ್ಯ ಕವಿಗಳ ಓದು ಆ ಛಂದಸ್ಸಿನ ಹಿಂದೆ ಅಷ್ಟೇ ಬಲವಾಗಿದೆ.

ಇಲ್ಲದ ಗುರುವಿನ ಮುಂದೆ ಶಿಷ್ಯನು ಮಾತಾಡುವ ಸಂದರ್ಭ ವಚನ ವಾಙ್ಮಯದ ಓದುಗರಿಗೆ ಹೊಸದಲ್ಲ. ‘ಶೂನ್ಯಸಂಪಾದನೆ’ಯಲ್ಲಿ ಮುಕ್ತಾಯಕ್ಕಗಳ ಪ್ರಸಂಗವನ್ನು ನೆನೆಯಬಹುದು. ಅವಳ ಅಣ್ಣ ಅಜಗಣ್ಣನೇ ಅವಳಿಗೆ ಗುರು. ಅವನು ಗುಪ್ತಭಕ್ತ, ಹೊರಗೆ ಸಾಧನೆಯ ಸುಳಿವನ್ನು ತೋರಗೊಡದವನು. ಅವನು ಹೋದ ಬಳಿಕ ಶೋಕಿಸುತ್ತಿದ್ದ ಅವಳಲ್ಲಿಗೆ ಅಲ್ಲಮಪ್ರಭು ಬಂದಾಗ, ಅಷ್ಟು ದೊಡ್ಡ ಜ್ಞಾನಿಯ ಮಾತನ್ನೂ ಅವಳು ಸುಲಭವಾಗಿ ಒಪ್ಪುವುದಿಲ್ಲ. ಮಾತಿನ ಹಂಗನ್ನು ಮೀರಿದವನಿಗೆ ಮಾತೇಕೆ ಎಂಬ ತಕರಾರನ್ನೇ ಎತ್ತುತ್ತಾಳೆ. ಸಂಕಲನಕಾರರು ಆ ವಾದವನ್ನು ಮರೆಮಾಚದೆ ಪೂರ್ತಿಯಾಗಿ ಉಳಿಸಿಕೊಂಡಿದ್ದಾರೆ. ಶಿಷ್ಯಳ ಪ್ರತಿರೋಧವಿಲ್ಲದಿದ್ದರೆ ಆ ಅಧ್ಯಾಯಕ್ಕೆ ಅರ್ಥವೇ ಇರುತ್ತಿರಲಿಲ್ಲ. ತನ್ನ ಗುರು ಮಾತಿಲ್ಲದೆ ಕಲಿಸಿದ್ದನ್ನು ಅವಳು ತನ್ನ ಮಾತಿನಲ್ಲಿ ಹೇಳಿಕೊಳ್ಳುವುದಕ್ಕೆ ಆ ವಾದ ಬೇಕಾಗಿತ್ತು. ಕುವೆಂಪು ಅವರ ಅರ್ಪಣೆಯಲ್ಲಿ ವಾದವಿಲ್ಲ, ಅಲ್ಲಿ ಶಾಂತಿಯಿದೆ. ಆದರೆ ಆ ಶಾಂತಿಗೆ ಮುನ್ನ ಹತ್ತು ವರ್ಷಗಳ ದುಡಿಮೆಯಿದೆ.

ಗುರುಶಿಷ್ಯ ಸಂಬಂಧದ ಕಠಿಣ ಮುಖವನ್ನು ಬಲ್ಲವರು ಹರಿಹರ ರಾಘವಾಂಕರ ಐತಿಹ್ಯವನ್ನು ಬಲ್ಲರು. ಸೋದರಳಿಯನೂ ಶಿಷ್ಯನೂ ಆದ ರಾಘವಾಂಕನು ಶಿವಶರಣರ ಕಥೆಯನ್ನು ಬಿಟ್ಟು ಹರಿಶ್ಚಂದ್ರನೆಂಬ ಅರಸನ ಕಥೆಯನ್ನು ಹಾಡಿದನೆಂದು ಹರಿಹರನು ಕುಪಿತನಾಗಿ ಹಾವುಗೆಯಿಂದ ಹೊಡೆದು ಹಲ್ಲುಗಳನ್ನು ಉದುರಿಸಿದನೆಂದೂ, ಬಳಿಕ ಶಿವಪರವಾದ ಕೃತಿಗಳನ್ನು ರಚಿಸಿ ಶಿಷ್ಯನು ಅವನ್ನು ಮರಳಿ ಪಡೆದನೆಂದೂ ಕಥೆ. ಐತಿಹ್ಯವನ್ನು ಇತಿಹಾಸವೆಂದು ನಂಬಬೇಕಾಗಿಲ್ಲ. ಆದರೆ ಅದರೊಳಗಿನ ತಿಳಿವಳಿಕೆ ಹುಸಿಯಲ್ಲ: ಶಿಷ್ಯನು ವಸ್ತುವನ್ನು ತಾನೇ ಆರಿಸಿಕೊಂಡಾಗ ಗುರುವಿಗೆ ನೋವಾಗುವುದುಂಟು, ಆ ನೋವು ಶಿಕ್ಷೆಯಾಗಿ ತಿರುಗುವುದೂ ಉಂಟು. ಕಾಲ ಮಾತ್ರ ಗುರುವಿನ ಪಕ್ಷವನ್ನು ಪೂರ್ತಿ ವಹಿಸಲಿಲ್ಲ. ರಾಘವಾಂಕನ ಕೃತಿಗಳಲ್ಲಿ ಜನ ಇಂದಿಗೂ ಎದೆಗಪ್ಪಿಕೊಂಡಿರುವುದು ಹರಿಶ್ಚಂದ್ರ ಕಾವ್ಯವನ್ನೇ. ಗುರು ರಗಳೆಯಲ್ಲಿ ನಡೆದರೆ ಶಿಷ್ಯನು ಷಟ್ಪದಿಯಲ್ಲಿ ನಡೆದನು. ಆ ಷಟ್ಪದಿಯೇ ಮುಂದಿನ ಶತಮಾನಗಳ ಕನ್ನಡ ಕಾವ್ಯದ ಹೆದ್ದಾರಿಯಾಯಿತು. ಗುರುವಿನ ಛಂದಸ್ಸನ್ನು ಬಿಟ್ಟುದು ದ್ರೋಹವಾಗಿದ್ದರೆ ಕನ್ನಡಕ್ಕೆ ಅಂಥ ದ್ರೋಹಗಳು ಇನ್ನಷ್ಟು ಬೇಕಾಗಿದ್ದುವು.

ವೆಂಕಣ್ಣಯ್ಯನವರ ಮತ್ತೊಬ್ಬ ಶಿಷ್ಯರಾದ ಡಿ. ಎಲ್. ನರಸಿಂಹಾಚಾರ್ಯರ ಕ್ಷೇತ್ರ ಬೇರೆ. ಅವರು ಕವಿಯಲ್ಲ, ಗ್ರಂಥಸಂಪಾದಕರು. ರಾಘವಾಂಕನ ಸಿದ್ಧರಾಮ ಚರಿತೆಯ ಸಂಪಾದನೆಯಲ್ಲಿ ಗುರುವಿನ ಹೆಸರೂ ಶಿಷ್ಯನ ಹೆಸರೂ ಕೂಡಿಯೇ ನಿಂತಿವೆ. ಒಬ್ಬನನ್ನು ಕವಿಯಾಗಿಯೂ ಇನ್ನೊಬ್ಬನನ್ನು ಪಾಠಶೋಧಕನಾಗಿಯೂ ಬೆಳೆಯಗೊಟ್ಟ ಗುರು ಇಬ್ಬರಿಗೂ ಒಂದೇ ಅಚ್ಚನ್ನು ಒತ್ತಲಿಲ್ಲವೆಂಬುದು ಇದರಿಂದ ಸಿದ್ಧ. ಡಿ.ಎಲ್.ಎನ್. ಅವರು 1964ರಲ್ಲಿ ಹೊರತಂದ ‘ಕನ್ನಡ ಗ್ರಂಥಸಂಪಾದನೆ’ ಓಲೆಯ ಪ್ರತಿಗಳನ್ನು ಹೋಲಿಸಿ ಶುದ್ಧಪಾಠವನ್ನು ನಿರ್ಣಯಿಸುವ ವಿಧಾನವನ್ನು ತಿಳಿಸುವ ಗ್ರಂಥ. ಆದರೂ ಅದನ್ನು ಮಾರ್ಗದರ್ಶನದ ಕೈಪಿಡಿಯಾಗಿಯೂ ಓದಲು ಬರುತ್ತದೆ. ಒಳ್ಳೆಯ ಸಂಪಾದಕನು ಕವಿಯ ಪಾಠವನ್ನು ಮೇಲಿಟ್ಟು, ಪಾಠಾಂತರಗಳನ್ನು ಅಡಿಯಲ್ಲಿಡುತ್ತಾನೆ. ತನ್ನ ಊಹೆ ಎಷ್ಟೇ ಸೊಗಸಾಗಿ ಕಂಡರೂ ಅದನ್ನು ಊಹೆಯೆಂದೇ ಗುರುತಿಸುತ್ತಾನೆ. ಕೆಟ್ಟ ಸಂಪಾದಕನು ಕವಿಗೆ ಹೊಳೆಯದುದು ತನಗೆ ಹೊಳೆಯಿತೆಂದು ಪದ್ಯವನ್ನೇ ತಿದ್ದಿಬಿಡುತ್ತಾನೆ. ಓದುಗನು ಕವಿಯನ್ನು ಓದುತ್ತಿರುವೆನೆಂದು ತಿಳಿದು ಸಂಪಾದಕನನ್ನು ಓದುತ್ತಾನೆ. ಶಿಷ್ಯನ ಪ್ರಬಂಧವನ್ನು ತಿದ್ದುವ ಅಧ್ಯಾಪಕನ ಮುಂದೆಯೂ ಈ ಎರಡು ದಾರಿಗಳಿವೆ. ಎಷ್ಟೋ ಮಹಾಪ್ರಬಂಧಗಳಲ್ಲಿ ಶಿಷ್ಯನ ಪಾಠ ಅಡಿಟಿಪ್ಪಣಿಗೆ ಇಳಿದಿರುವುದನ್ನೂ ಮಾರ್ಗದರ್ಶಕರ ಪಾಠವೇ ಮೇಲೆ ಕುಳಿತಿರುವುದನ್ನೂ ಕಾಣಬಹುದು.

ಕುವೆಂಪು ತಾವೇ ಗುರುಸ್ಥಾನಕ್ಕೆ ಬಂದಾಗ ಏನಾಯಿತು? 1929ರಲ್ಲಿ ಅಧ್ಯಾಪಕರಾಗಿ ಸೇರಿದ ಅವರು 1946ರಲ್ಲಿ ಪ್ರಾಧ್ಯಾಪಕರಾದರು, 1956ರಿಂದ 1960ರವರೆಗೆ ಕುಲಪತಿಗಳಾಗಿದ್ದರು. ಮಾನಸಗಂಗೋತ್ರಿಗೆ ರೂಪು ಕೊಟ್ಟುದು, ಕಾಲೇಜಿನ ಪಾಠ ಕನ್ನಡದಲ್ಲಿ ನಡೆಯಬೇಕೆಂದು ಹೋರಾಡಿದುದು ಈ ಕಾಲದ ಕಾರ್ಯಗಳು. ಒಬ್ಬ ವಿದ್ಯಾರ್ಥಿಗೆ ಹೇಳಿದ್ದ ಸಲಹೆ ಮೂವತ್ತು ವರ್ಷಗಳ ಬಳಿಕ ಒಂದು ವಿಶ್ವವಿದ್ಯಾನಿಲಯದ ನೀತಿಯಾಗಲು ಯತ್ನಿಸಿತು. ಈ ಯತ್ನ ಎಷ್ಟರಮಟ್ಟಿಗೆ ಫಲಿಸಿತೆಂಬುದು ಬೇರೆ ವಿಚಾರ. ಸಂಶೋಧನೆಯ ಮಾರ್ಗದರ್ಶಕರಾಗಿ ಅವರ ಹೆಸರು ಜಿ. ಎಸ್. ಶಿವರುದ್ರಪ್ಪನವರ ‘ಸೌಂದರ್ಯ ಸಮೀಕ್ಷೆ’ಯೊಡನೆ ಕೂಡಿಕೊಂಡಿದೆ. ಆ ಮಹಾಪ್ರಬಂಧ ಗುರುವಿನ ಸಾಹಿತ್ಯದ ವ್ಯಾಖ್ಯಾನವಲ್ಲ. ಕನ್ನಡ ಕಾವ್ಯಪರಂಪರೆಯಲ್ಲಿ ಸೌಂದರ್ಯದ ಕಲ್ಪನೆಯನ್ನು ಅರಸುವ ಸ್ವತಂತ್ರ ಅಧ್ಯಯನ. ಶಿವರುದ್ರಪ್ಪನವರ ಕವಿತೆಯನ್ನು ನೋಡಿದರೂ ಇದೇ ಮಾತು. ಗುರುವಿನ ಮಹಾಛಂದಸ್ಸಿನ ಗರ್ಜನೆ ಅಲ್ಲಿಲ್ಲ. ತಗ್ಗಿದ ದನಿ, ಮನೆಯಂಗಳದ ಬೆಳಕು, ಅಳತೆಯರಿತ ಮಾತು ಅಲ್ಲಿವೆ. ವೆಂಕಣ್ಣಯ್ಯನವರಿಂದ ಕುವೆಂಪು, ಕುವೆಂಪು ಅವರಿಂದ ಶಿವರುದ್ರಪ್ಪ, ಹೀಗೆ ಮೂರು ತಲೆಮಾರು ಸಾಗಿದ ಸಂಬಂಧದಲ್ಲಿ ಯಾರೊಬ್ಬರೂ ತಮ್ಮ ಗುರುವಿನಂತೆ ಬರೆಯಲಿಲ್ಲ.

ಕುವೆಂಪು ಅವರ ಎಲ್ಲ ಶಿಷ್ಯರ ವಿಷಯದಲ್ಲಿಯೂ ಹೀಗೆ ಹೇಳಲಾಗದು. ದೊಡ್ಡ ಮರದ ನೆರಳಿನಲ್ಲಿ ಸಸಿಗಳು ಸೊರಗುವುದು ಪ್ರಕೃತಿನಿಯಮ. ಆ ಗುರುವನ್ನು ಕುರಿತು ಬಂದ ಬರಹಗಳ ರಾಶಿಯಲ್ಲಿ ಆರಾಧನೆ ಬಹಳ, ವಿಮರ್ಶೆ ಕಡಿಮೆ. ದೋಷ ಗುರುವಿನದೇ ಆಗಬೇಕಾಗಿಲ್ಲ. ಕನ್ನಡದ ವಿದ್ವತ್ ವಲಯದಲ್ಲಿ ಗುರುಭಕ್ತಿಗೆ ಒಂದು ಸಿದ್ಧ ರೂಪ ಬಂದುಬಿಟ್ಟಿದೆ. ಅದು ಅಭಿನಂದನ ಗ್ರಂಥದ ರೂಪ. 1941ರಲ್ಲಿ ಬಿ. ಎಂ. ಶ್ರೀಯವರಿಗೆ ಅರ್ಪಿತವಾದ ‘ಸಂಭಾವನೆ’ ಈ ಜಾತಿಯ ಗ್ರಂಥಗಳಿಗೆ ಮೊದಲ ಮಾದರಿ. ಅದರಲ್ಲಿ ವಿದ್ವತ್ತಿನ ಲೇಖನಗಳಿದ್ದು, ಗುರುವಿಗೆ ಗೌರವ ಆ ವಿದ್ವತ್ತಿನ ಮೂಲಕವೇ ಸಂದಿತು. ಮುಂದೆ ಬಂದ ಇಂಥ ಎಷ್ಟೋ ಸಂಪುಟಗಳಲ್ಲಿ ಲೇಖನಗಳು ತೆಳ್ಳಗಾಗಿ ಗುಣಗಾನ ದಪ್ಪವಾಯಿತು. ಗುರುಗಳು ಎಷ್ಟು ಸರಳರು, ಎಷ್ಟು ಉದಾರಿಗಳು ಎಂಬುದನ್ನು ಅವು ಹೇಳುತ್ತವೆ. ಯಾವ ಪ್ರಬಂಧದ ಯಾವ ವಾಕ್ಯವನ್ನು ಗುರು ಹೊಡೆದುಹಾಕಿದರು, ಏಕೆ ಹೊಡೆದುಹಾಕಿದರು, ಶಿಷ್ಯನು ಅದಕ್ಕೆ ಏನೆಂದು ಉತ್ತರಿಸಿದನು ಎಂಬುದನ್ನು ಹೇಳುವುದಿಲ್ಲ. ಮಾರ್ಗದರ್ಶನದ ಇತಿಹಾಸವನ್ನು ಬರೆಯಲು ಹೊರಡುವವನಿಗೆ ಬೇಕಾದುದು ಈ ಎರಡನೆಯ ಬಗೆಯ ವಿವರ.

ಇಂದಿನ ಸ್ಥಿತಿಗೆ ಬಂದರೆ ವಿದ್ಯಾರ್ಥಿಗಳ ಆಡುಮಾತೇ ಒಂದು ಸಾಕ್ಷ್ಯವನ್ನು ಒದಗಿಸುತ್ತದೆ. ‘ಗೈಡು’ ಎಂದರೆ ಪರೀಕ್ಷೆಯ ಹಿಂದಿನ ದಿನ ಪೇಟೆಯಲ್ಲಿ ಕೊಳ್ಳುವ ಪ್ರಶ್ನೋತ್ತರದ ಪುಸ್ತಕ. ‘ಗೈಡು’ ಎಂದರೆ ಪಿಎಚ್.ಡಿ. ಪ್ರಬಂಧಕ್ಕೆ ಸಹಿ ಹಾಕುವ ಪ್ರಾಧ್ಯಾಪಕರು. ಒಂದೇ ಪದ ಎರಡಕ್ಕೂ ಸಂದಿರುವುದು ಕೇವಲ ಆಕಸ್ಮಿಕವೆನ್ನಲು ಮನಸ್ಸು ಬಾರದು. ಎರಡರಿಂದಲೂ ಅಪೇಕ್ಷಿಸುವುದು ತೇರ್ಗಡೆಯನ್ನೇ. ವಿಶ್ವವಿದ್ಯಾನಿಲಯ ಧನಸಹಾಯ ಆಯೋಗವು ಪಿಎಚ್.ಡಿ. ಪದವಿಗೆ 2009ರಲ್ಲಿ, 2016ರಲ್ಲಿ, ಮತ್ತೆ 2022ರಲ್ಲಿ ನಿಯಮಾವಳಿಗಳನ್ನು ಹೊರಡಿಸಿತು. 2022ರ ನಿಯಮದಂತೆ ಒಬ್ಬ ಪ್ರಾಧ್ಯಾಪಕರ ಕೈಕೆಳಗೆ ಏಕಕಾಲಕ್ಕೆ ಎಂಟು, ಸಹ ಪ್ರಾಧ್ಯಾಪಕರ ಕೆಳಗೆ ಆರು, ಸಹಾಯಕ ಪ್ರಾಧ್ಯಾಪಕರ ಕೆಳಗೆ ನಾಲ್ಕು ಸಂಶೋಧನ ವಿದ್ಯಾರ್ಥಿಗಳಿಗಿಂತ ಹೆಚ್ಚು ಇರಕೂಡದು. ಸಂಶೋಧನ ಸಲಹಾ ಸಮಿತಿಯ ಮುಂದೆ ವಿದ್ಯಾರ್ಥಿ ಪ್ರತಿ ಅರ್ಧವರ್ಷಕ್ಕೊಮ್ಮೆ ಕೆಲಸದ ಪ್ರಗತಿಯನ್ನು ಮಂಡಿಸಬೇಕು. ಕೃತಿಚೌರ್ಯವನ್ನು ತಡೆಯಲು 2018ರಲ್ಲಿಯೇ ಪ್ರತ್ಯೇಕ ನಿಯಮ ಬಂದು, ನೂರಕ್ಕೆ ಹತ್ತರವರೆಗಿನ ಹೋಲಿಕೆಯನ್ನು ದಂಡವಿಲ್ಲದೆ ಬಿಡುವ ಮಿತಿ ಗೊತ್ತಾಯಿತು. ಕಾಲೇಜುಗಳ ಮೌಲ್ಯಮಾಪನ ಮಾಡುವ ನ್ಯಾಕ್ ಸಂಸ್ಥೆ ಎಷ್ಟು ವಿದ್ಯಾರ್ಥಿಗಳಿಗೆ ಒಬ್ಬ ಮಾರ್ಗದರ್ಶಕ ಅಧ್ಯಾಪಕರೆಂಬ ಅನುಪಾತವನ್ನೂ ಕೇಳಿತು. ಗುರುತ್ವಕ್ಕೆ ಅಂಕಗಣಿತ ಬಂದಿತು.

ಈ ಅಂಕಗಣಿತವನ್ನು ಹಾಸ್ಯ ಮಾಡುವುದು ಸುಲಭ, ನ್ಯಾಯವಲ್ಲ. ವೆಂಕಣ್ಣಯ್ಯನವರ ಕಾಲದ ಒಡನಾಟವನ್ನು ಸ್ಮರಿಸುವಾಗ ಅದು ಯಾರಿಗೆ ದೊರೆಯಿತು ಎಂಬ ಪ್ರಶ್ನೆಯನ್ನೂ ಕೇಳಬೇಕು. ಮಲೆನಾಡಿನ ಒಕ್ಕಲು ಮನೆತನದ ಹುಡುಗನೊಬ್ಬನಿಗೆ ಅದು ದೊರೆತುದು ಕನ್ನಡದ ಪುಣ್ಯ. ದೊರೆಯದೆ ಹೋದವರ ಹೆಸರುಗಳನ್ನು ಯಾರೂ ಬರೆದಿಟ್ಟಿಲ್ಲ. ಗುರುವಿನ ಮನೆಯ ಬಾಗಿಲನ್ನು ತಟ್ಟಲು ಸಂಕೋಚಪಟ್ಟವರು, ತಟ್ಟುವ ದಾರಿಯೇ ತಿಳಿಯದವರು, ಹೊತ್ತು ಮುಳುಗಿದ ಮೇಲೆ ಅಧ್ಯಾಪಕರ ಮನೆಗೆ ಹೋಗಿ ಚರ್ಚಿಸುವುದು ಸಾಧ್ಯವೇ ಇಲ್ಲದಿದ್ದ ವಿದ್ಯಾರ್ಥಿನಿಯರು, ಇವರೆಲ್ಲ ಆ ಒಲವಿನ ವೃತ್ತದ ಹೊರಗೇ ಉಳಿದರು. ಒಲವು ಒಲಿದವರಿಗೆ ಮಾತ್ರ. ನಿಯಮವಾದರೋ ಪರಿಚಯವಿಲ್ಲದವನಿಗೂ ಆರು ತಿಂಗಳಿಗೊಮ್ಮೆ ಕೇಳಿಸಿಕೊಳ್ಳುವ ಕಿವಿಯೊಂದನ್ನು ಕೊಡಲೇಬೇಕೆನ್ನುತ್ತದೆ. ಎಂಟಕ್ಕಿಂತ ಹೆಚ್ಚು ಮಂದಿ ಬೇಡವೆಂಬ ಮಿತಿಯ ಹಿಂದೆಯೂ, ಹೆಸರಿಗೆ ಮಾತ್ರ ಶಿಷ್ಯರನ್ನು ಗುಡ್ಡೆ ಹಾಕಿಕೊಂಡವರ ಅನುಭವವಿದೆ.

ನಿಯಮಕ್ಕೆ ಕೊಡಲಾಗದುದು ಯಾವುದೆಂಬುದು ಅರ್ಪಣೆಯ ಕವಿತೆಯನ್ನೂ ಇಂದಿನ ಮಹಾಪ್ರಬಂಧಗಳ ಕೃತಜ್ಞತೆಯ ಪುಟವನ್ನೂ ಒಟ್ಟಿಗಿಟ್ಟಾಗ ಕಾಣುತ್ತದೆ. ಕೃತಜ್ಞತೆಯ ಪುಟಕ್ಕೆ ಒಂದು ಕ್ರಮ ನಿಶ್ಚಿತವಾಗಿದೆ: ಮೊದಲು ಮಾರ್ಗದರ್ಶಕರು, ಆಮೇಲೆ ವಿಭಾಗದ ಮುಖ್ಯಸ್ಥರು, ಗ್ರಂಥಾಲಯದವರು, ಮನೆಯವರು, ಕಟ್ಟಕಡೆಗೆ ಬೆರಳಚ್ಚು ಮಾಡಿಕೊಟ್ಟವರು. ಮಾರ್ಗದರ್ಶಕರ ‘ಅಮೂಲ್ಯ ಸಲಹೆ’ಯನ್ನು ಅಲ್ಲಿ ನೆನೆಯಲಾಗುತ್ತದೆ; ಆ ಸಲಹೆ ಯಾವುದೆಂಬುದು ಪ್ರಬಂಧದ ಆದ್ಯಂತ ಹುಡುಕಿದರೂ ಸಿಗುವುದಿಲ್ಲ. ಕುವೆಂಪು ಅವರ ಅರ್ಪಣೆಯಲ್ಲಿ ಸಲಹೆಯ ಮಾತೇ ಮುಖ್ಯವಾಗಿಲ್ಲ, ಕೃತಿಯ ಮಾತಿದೆ. ಗುರುವಿನ ಹರಕೆಯಿಂದ ಬೆಳೆದವನೆಂದು ಶಿಷ್ಯನು ತನ್ನನ್ನು ಪರಿಚಯಿಸಿಕೊಳ್ಳುತ್ತಾನೆ, ಒಡನೆಯೇ ಕೆಲಸದ ವಿಷಯಕ್ಕೆ ಹೋಗುತ್ತಾನೆ. ತನ್ನ ಕೆಲಸ ಇಂಥದೆಂದು ಸ್ವಂತ ಮಾತಿನಲ್ಲಿ ಗುರುವಿಗೆ ಹೇಳಬಲ್ಲ ಧೈರ್ಯ ಆ ಶಿಷ್ಯನಿಗೆ ಬಂದುದು, ಹಿಂದೆ ಅವನ ಮಾತನ್ನು ಕೇಳುವ ವ್ಯವಧಾನ ಆ ಗುರುವಿಗಿದ್ದುದರಿಂದ. ಇಂಥ ವ್ಯವಧಾನವನ್ನು ಯಾವ ನಮೂನೆಯ ಯಾವ ಅಂಕಣದಲ್ಲಿ ತುಂಬಬೇಕೆಂಬುದು ಆಯೋಗಕ್ಕೂ ಹೊಳೆದಿರಲಾರದು.

‘ಶ್ರೀ ರಾಮಾಯಣ ದರ್ಶನಂ’ ಕಾವ್ಯಕ್ಕೆ 1955ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು. 1967ರ ಸಾಲಿನ ಜ್ಞಾನಪೀಠ ಪ್ರಶಸ್ತಿ ಗುಜರಾತಿಯ ಉಮಾಶಂಕರ ಜೋಶಿಯವರ ಕೃತಿಯೊಡನೆ ಇದಕ್ಕೂ ಸಂದಿತು. ಪ್ರಶಸ್ತಿಗಳು ಬರುವ ಮುನ್ನವೇ ಕವಿ ಕೃತಿಯನ್ನು ಒಪ್ಪಿಸಬೇಕಾದಲ್ಲಿ ಒಪ್ಪಿಸಿಯಾಗಿತ್ತು. ಸಂಶೋಧನೆಯ ನಡುವೆ ಮಾರ್ಗದರ್ಶಕರು ತೀರಿಕೊಂಡರೆ ಆ ಸ್ಥಾನಕ್ಕೆ ಮತ್ತೊಬ್ಬರನ್ನು ಗೊತ್ತುಪಡಿಸುವ ಕ್ರಮ ವಿಶ್ವವಿದ್ಯಾನಿಲಯಗಳಲ್ಲಿದೆ. 1939ರ ಬಳಿಕ ಏಳು ವರ್ಷ ಕಾವ್ಯ ಮುಂದುವರಿಯಿತು. ಅರ್ಪಣೆಯಲ್ಲಿ ಇನ್ನೊಂದು ಹೆಸರು ಸೇರಲಿಲ್ಲ.